ಅಂಗೈ ತೋರಿಸಿ ಹೊರಡುವಾಕೆ

ಮೊಹೊಕರೆ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಮಾಸೇರು ಪಟ್ಟಣದ ಗಡಿಯ ಸೇತುವೆಯ ಬಳಿ ಲಾರಿಗಳು ಸಾಲುಗಟ್ಟಿವೆ. ದಂಡೆಯ ಹೋಟೆಲಿನ ಹಿಂಬಾಗಿಲಲ್ಲಿ ಬ್ರೆಡ್ಡಿನ ವ್ಯಾನು ಬಂದು ನಿಂತಿದೆ. ಒಳಗಿನ ಕ್ಯಾಸಿನೊಕ್ಕೆ ಕಿಟಕಿಗಳಿಲ್ಲ. ಬೆಳಗಾಯಿತೆಂದು ಅಲ್ಲಿ ಗೊತ್ತಾಗುವುದು ನೆಲ ಒರೆಸುವವರು ಬಕೆಟ್ಟು ಎಳೆಯುವ ಸದ್ದಿನಿಂದ. ಮೇಜುಗಳಿಗೆಲ್ಲ ಹೊದಿಕೆ ಬಿದ್ದಿದೆ. ತೆರೆದಿರುವ ಒಂದರ ಹಿಂದೆ ಮಾತ್ರ ಮಾಕನನೇಲೊ ನಿಂತಿದ್ದಾಳೆ. ಎದುರಿಗೆ ಒಬ್ಬರೇ ಆಟಗಾರರು, ಗಣಿ ಕೆಲಸದಿಂದ ನಿವೃತ್ತರಾದ ಫಾಕ್ವೆ. ಹೆಗಲ ಮೇಲೆ ಕಂಬಳಿ, ಮುಂದೆ ಹಣದ ಬದಲು ಒಡ್ಡುವ ನಾಲ್ಕಾರು ಬಿಲ್ಲೆ.

ನಡೆಯುತ್ತಿರುವುದು ಬ್ಲ್ಯಾಕ್‌ಜಾಕ್. ಇಸ್ಪೀಟಿನ ಎಲೆಗಳ ಬೆಲೆ ಕೂಡಿಸುತ್ತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಿದರೆ ಸೋತಂತೆ. ರಾಜ, ರಾಣಿ, ಗುಲಾಮನಿಗೆ ಹತ್ತು. ಎಕ್ಕಕ್ಕೆ ಒಂದೋ ಹನ್ನೊಂದೋ, ಯಾವುದು ಅನುಕೂಲವೋ ಅದು. ಮಾಕನನೇಲೊ ಪೆಟ್ಟಿಗೆಯ ಬಾಯಿಂದ ಎಲೆ ಜಾರಿಸುತ್ತಾಳೆ. ಫಾಕ್ವೆಯವರಿಗೊಂದು, ಕ್ಯಾಸಿನೊದ ಪರವಾಗಿ ತನ್ನ ಮುಂದೊಂದು, ಮತ್ತೆ ಅವರಿಗೊಂದು. ಅವರಿಗೆ ಎಂಟು ಮತ್ತು ನಾಲ್ಕು ಬಿದ್ದಿವೆ. ಅವಳ ಮುಂದೆ ಆರು. ಅವಳ ಎರಡನೆಯ ಎಲೆ ಬರುವುದು ಆಟಗಾರನ ಸರದಿ ಮುಗಿದ ಮೇಲೆ.

ಹನ್ನೆರಡು ಬಹಳ ಕೆಟ್ಟ ಜಾಗ. ಇನ್ನೊಂದು ಎಲೆ ಕೇಳಿದರೆ ದಾಟಿಬಿಡಬಹುದು, ಕೇಳದಿದ್ದರೆ ಬಡಕಲು ಕೈ. ಫಾಕ್ವೆಯವರು ಏನು ಮಾಡಲಿ ಎನ್ನುವಂತೆ ಅವಳ ಮುಖ ನೋಡುತ್ತಾರೆ. ಅವಳು ಮೇಜಿನ ಹಸಿರು ಬಟ್ಟೆಯನ್ನು ನೋಡುತ್ತಾಳೆ. ಕೊನೆಗೆ ಅವರು ಎಲೆಗಳ ಮೇಲೆ ಅಂಗೈ ಅಡ್ಡಡ್ಡ ಆಡಿಸುತ್ತಾರೆ, ಸಾಕು ಎಂದರ್ಥ. ಅವಳು ತನ್ನ ಎಲೆ ತೆಗೆಯುತ್ತಾಳೆ: ರಾಣಿ, ಹದಿನಾರು. ಮತ್ತೊಂದು ತೆಗೆಯುತ್ತಾಳೆ: ಒಂಬತ್ತು. ಇಪ್ಪತ್ತೈದಾಗಿ ದಾಟಿಹೋಯಿತು. ಅವರ ಬಿಲ್ಲೆಗಳ ಪಕ್ಕದಲ್ಲಿ ಅಷ್ಟೇ ಬಿಲ್ಲೆಗಳನ್ನು ಇಡುತ್ತಾಳೆ.

"ಹದಿನಾರಕ್ಕೆ ನಿಂತಿದ್ರೆ ನೀನೇ ಗೆಲ್ತಿದ್ದೆಯಲ್ಲ ಮ್ಮೆ. ನನ್ನ ಹತ್ರ ಇದ್ದದ್ದು ಹನ್ನೆರಡೇ," ಎನ್ನುತ್ತಾರೆ ಫಾಕ್ವೆ. ನಮ್ಮಲ್ಲಿ ಮದುವೆಯಾದ ಹೆಂಗಸನ್ನು ಎಷ್ಟು ವಯಸ್ಸಾದವರೂ ಮ್ಮೆ, ಅಂದರೆ ತಾಯಿ, ಎಂದೇ ಕರೆಯುವುದು. ಗಂಡಸನ್ನು ನ್ತಾತೆ, ಅಂದರೆ ತಂದೆ, ಎಂದು.

"ನಿಲ್ಲೋದು ನನ್ನ ಕೈಲಿಲ್ಲ ನ್ತಾತೆ. ಹದಿನಾರಾದ್ರೆ ತೆಗೀಲೇಬೇಕು. ಹದಿನೇಳಾದ್ರೆ ನಿಲ್ಲಲೇಬೇಕು."

"ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ನಿನ್ನ ಮನಸ್ಸಿಗೆ ಬಂದಂಗೆ ಮಾಡಿದ್ದೀಯಾ?"

"ಮನೇಲಿ ಮಾಡ್ತೀನಲ್ಲ, ಅಡುಗೆ."

ಅಷ್ಟರಲ್ಲಿ ಬೆಳಗಿನ ಪಾಳಿಯ ದಿಕೆಲೆದಿ ಬಂದು ಅವಳ ಭುಜ ಮುಟ್ಟುತ್ತಾಳೆ. ಮಾಕನನೇಲೊ ಎರಡು ಅಂಗೈಗಳನ್ನು ಮೆಲ್ಲಗೆ ಒಮ್ಮೆ ತಟ್ಟಿ, ಬೆರಳು ಅಗಲಿಸಿ, ಮೇಲೆ ಕೆಳಗೆ ತಿರುಗಿಸಿ ಚಾವಣಿಗೆ ತೋರಿಸುತ್ತಾಳೆ. ಅಲ್ಲಿ ಕಪ್ಪು ಗಾಜಿನ ಗೋಲದೊಳಗೆ ಕ್ಯಾಮೆರಾ ಇದೆ. ಈ ಮೇಜಿನಿಂದ ನಾನು ಏನನ್ನೂ ಒಯ್ಯುತ್ತಿಲ್ಲ ಎಂದು ಹೇಳುವ ಬಗೆ ಅದು. ಹಾಗೆ ಮಾಡದೆ ಎಲೆ ಹಂಚುವ ಡೀಲರ್ ಮೇಜು ಬಿಡುವಂತಿಲ್ಲ. ಮೂಗು ತುರಿಸಿದರೂ ಮೊದಲು ಹೀಗೆ ಕೈ ತೋರಿಸಿಯೇ ತುರಿಸಬೇಕು.

ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಒಂದು ಚಲನೆಯಿಂದ ಕಳೆದ ಚಳಿಗಾಲದಲ್ಲಿ ಅವಳ ಮನೆ ಒಡೆಯುವುದರಲ್ಲಿತ್ತು. ದೇವರ ದಯೆ, ಈಗ ಅದನ್ನು ಕುಳಿತು ಹೇಳಿಕೊಳ್ಳಬಹುದು.

*

ಮಾಕನನೇಲೊ ಎಂದರೆ ಕನನೇಲೊಳ ತಾಯಿ. ಮದುವೆಯಾದ ಮೇಲೆ ನಮ್ಮ ಬಸೂತೊ ಹೆಂಗಸರಿಗೆ ಹುಟ್ಟಲಿರುವ ಮಗುವಿನ ಹೆಸರಿನಿಂದಲೇ ಹೊಸ ಹೆಸರು. ಅವಳ ಅತ್ತೆಯ ಹೆಸರು ಮಾಮೊಹಾಪಿ, ಏಕೆಂದರೆ ಅವರ ಮಗ ಮೊಹಾಪಿ. ಆ ಮೊಹಾಪಿಯೇ ಇವಳ ಗಂಡ. ಮರಳುಗಲ್ಲು ಕೆತ್ತುವ ಕೆಲಸ ಅವನದು. ಮಾಸೇರುವಿನ ಎಷ್ಟೋ ಮನೆಗಳ ಗೋಡೆಗಳಲ್ಲಿ, ಅವರ ನೆರೆಯವನಾದ ನನ್ನ ಮನೆಯ ಗೋಡೆಯಲ್ಲೂ, ಅವನು ಚೌಕ ಮಾಡಿದ ಕಲ್ಲುಗಳಿವೆ. ಆ ಕಲ್ಲಿನ ಧೂಳೇ ಕೊನೆಗೆ ಅವನ ಎದೆಯಲ್ಲಿ ಕೂತಿತು.

ಮಾಕನನೇಲೊ ಮಾಫೆತೆಂಗ್ ಕಡೆಯಿಂದ ಬಟ್ಟೆ ಕಾರ್ಖಾನೆಯ ಕೆಲಸಕ್ಕೆಂದು ಪಟ್ಟಣಕ್ಕೆ ಬಂದವಳು. ದಿನವಿಡೀ ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ನದಿ ದಂಡೆಯ ಹೋಟೆಲಿನವರು ಚುರುಕು ಕೈಯ ಹುಡುಗಿಯರು ಬೇಕೆಂದಾಗ ಅರ್ಜಿ ಕೊಟ್ಟಳು. ಆಯ್ಕೆಯಾದಾಗ ಅವಳಿಗೆ ಕೊಟ್ಟ ಸಮವಸ್ತ್ರದಲ್ಲಿ ಜೇಬೇ ಇರಲಿಲ್ಲ. "ಅಷ್ಟೊಂದು ಜೇಬು ಹೊಲ್ದವಳಿಗೆ ಜೇಬಿಲ್ಲದ ಬಟ್ಟೆ ಹಾಕ್ಸಿದ್ರು. ಕರವಸ್ತ್ರ ಇಡೋಕೂ ಜಾಗ ಇಲ್ಲ. ಮೊದಲ ವಾರ ಮೂಗು ಸೋರ್ಕೊಂಡೇ ಎಲೆ ಹಂಚಿದೆ," ಎಂದು ನಗುತ್ತಾಳೆ.

ಕೆಲಸ ಕಲಿಸಿದವರು ಸೆಖೋಬೆ. ಮೇಜುಗಳ ಮೇಲ್ವಿಚಾರಕರು, ಬಾಗಿಲು ತುಂಬುವಷ್ಟು ದೊಡ್ಡ ಆಳು, ಬಹಳ ಸಣ್ಣ ದನಿ. ಅವರ ಪಾಠದಲ್ಲಿ ಆಟ ಕಡಿಮೆ, ಕೈಯ ನಡತೆ ಹೆಚ್ಚು. ಹೊಸ ಕಟ್ಟುಗಳನ್ನು ಒಡೆದು, ಎಲ್ಲ ಎಲೆಗಳನ್ನೂ ಮೊಗ ಮೇಲಾಗಿ ಕಮಾನಿನಂತೆ ಹರಡಬೇಕು. ಒಂದೂ ಕಡಿಮೆಯಿಲ್ಲ, ಒಂದೂ ಹೆಚ್ಚಿಲ್ಲ ಎಂದು ಮೇಲ್ವಿಚಾರಕರು ಕಣ್ಣಾಡಿಸಿದ ಮೇಲೆ ಬೋರಲು ಹಾಕಿ, ಚಾಪೆಯ ಮೇಲೆ ಜೋಳ ಹರಡಿ ಕೈಯಾಡಿಸುವ ಹಾಗೆ ಎರಡೂ ಅಂಗೈಗಳಿಂದ ಸುತ್ತಿಸಬೇಕು. ಆಮೇಲೆ ಕಲಸುವುದು. ಕಟ್ಟನ್ನು ಎಲ್ಲಿ ಎರಡು ಪಾಲು ಮಾಡಬೇಕೆಂದು ಬಣ್ಣದ ತುಂಡೊಂದನ್ನು ಆಟಗಾರನೇ ನಡುವೆ ತೂರಿಸುತ್ತಾನೆ. ಪೆಟ್ಟಿಗೆಗೆ ತುಂಬಿದ ಮೇಲೆ ಮೊದಲ ಎಲೆಯನ್ನು ಯಾರೂ ನೋಡದೆ ಬದಿಗೆ ಹಾಕಬೇಕು. ಹಂಚುವುದು ತನ್ನ ಎಡಗಡೆಯಿಂದ.

ಬಾಯಿಮಾತು ಲೆಕ್ಕಕ್ಕಿಲ್ಲ. ಎಲೆ ಬೇಕಾದರೆ ಬಟ್ಟೆಯ ಮೇಲೆ ಬೆರಳು ತಟ್ಟಬೇಕು, ಬೇಡವಾದರೆ ಕೈಯಾಡಿಸಬೇಕು. ಮೇಲಿನ ಕ್ಯಾಮೆರಾಕ್ಕೆ ಕಿವಿಯಿಲ್ಲವಲ್ಲ. ಒಂದು ಸುತ್ತು ಮುಗಿದಾಗ ಎಲೆಗಳನ್ನು ಬಾಚಿ ಎತ್ತುವಂತಿಲ್ಲ. ಒಂದು ಕ್ರಮದಲ್ಲಿ ಎತ್ತಬೇಕು. ಯಾರಾದರೂ ತಕರಾರು ಎತ್ತಿದರೆ ಅದೇ ಕ್ರಮದಲ್ಲಿ ಹಿಂದಕ್ಕೆ ಇಟ್ಟು, ಯಾರ ಮುಂದೆ ಯಾವ ಎಲೆಯಿತ್ತೆಂದು ತೋರಿಸಬೇಕು.

ಇವೆಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ. ಡೀಲರ್ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳಬಾರದು, ಯಾರ ಕೈಗೂ ಕೊಡಬಾರದು. ನೋಟಾಗಲಿ ಬಿಲ್ಲೆಯಾಗಲಿ, ಮೊದಲು ಮೇಜಿನ ಮೇಲೆ ಇಡಬೇಕು. ಇಟ್ಟವರು ಕೈ ಹಿಂದೆ ತೆಗೆದ ಮೇಲೆ ಇವಳು ಮುಟ್ಟಬೇಕು.

"ನಮ್ಮೂರಲ್ಲಿ ಮಕ್ಕಳಿಗೆ ಮೊದಲು ಕಲ್ಸೋದೇ ಎರಡೂ ಕೈ ಚಾಚಿ ತಗೋ ಅಂತ. ಅದನ್ನ ಮರೀರಿ ಅಂದ್ರು. ಎಷ್ಟೋ ಹುಡುಗೀರು ಅದಕ್ಕೇ ಬಿಟ್ಟುಹೋದ್ರು. ಮುದುಕರು ಬಿಲ್ಲೆ ಚಾಚಿದ್ರೆ ಕೈ ತಾನೇ ಮುಂದೆ ಹೋಗೋದು. ನನಗೂ ಹೋಗೋದು. ಸೆಖೋಬೆ ಬೆನ್ನ ಹಿಂದೆ ನಿಂತು ಗಂಟಲು ಸರಿ ಮಾಡ್ಕೊಳ್ಳೋರು," ಎನ್ನುತ್ತಾಳೆ ಮಾಕನನೇಲೊ.

ಜೂಜನ್ನು ಮೆಚ್ಚುವವನು ನಾನಲ್ಲ. ನಮ್ಮ ಚರ್ಚಿನ ಸಭೆಯಲ್ಲೂ ಅವಳ ಕೆಲಸದ ಬಗ್ಗೆ ಪಿಸುಮಾತುಗಳಿದ್ದವು. ಪಾದ್ರಿಗಳು ಒಮ್ಮೆ ಅವಳನ್ನು ಕರೆದು ಕೇಳಿದರು. ಡೀಲರುಗಳು ಆಡುವಂತಿಲ್ಲ, ಯಾರಿಗೂ ಸಲಹೆ ಕೊಡುವಂತಿಲ್ಲ, ಯಾರೋ ಗೆಲ್ಲಲಿ ಎಂದು ಮನಸ್ಸಿನಲ್ಲಿ ಬಯಸಿದರೂ ಕೈ ತಡವರಿಸುತ್ತದೆ, ಆದ್ದರಿಂದ ಹಂಚುವಾಗ ತಾನು ಏನನ್ನೂ ಬಯಸುವುದಿಲ್ಲ ಎಂದು ಅವಳು ಹೇಳಿದಳಂತೆ. ಪಾದ್ರಿಗಳು, ಏನನ್ನೂ ಬಯಸದೆ ಒಂದು ಗಂಟೆ ನಿಲ್ಲುವುದು ತಮಗೂ ಆಗಿಲ್ಲ ಎಂದು ಹೇಳಿ ಕಳುಹಿಸಿದರು. ಆಮೇಲೆ ಯಾರೂ ಕೇಳಲಿಲ್ಲ.

*

ಕೈಯ ಅಭ್ಯಾಸ ಕೆಲಸದ ಬಾಗಿಲಲ್ಲೇ ಉಳಿಯುವುದಿಲ್ಲ. ಹೊಸ ಸೊಸೆಯಾಗಿ ಬಂದಾಗ ಅತ್ತೆ ಎನಾಮಲ್ ಲೋಟದಲ್ಲಿ ಚಹಾ ಚಾಚಿದರು. ಸೊಸೆ ನೋಡುತ್ತ ನಿಂತಳು. ಲೋಟ ಕೆಳಗಿಡಲಿ ಎಂದು ಕಾಯುತ್ತಿದ್ದಳು. ಮಾಮೊಹಾಪಿಯವರು ಆ ಕಥೆಯನ್ನು ನಮ್ಮ ಓಣಿಯಲ್ಲಿ ಹೇಳದ ಮನೆಯಿಲ್ಲ. ಸೊಸೆ ಎಂದು ತಂದರೆ ಸರ್ಕಾರಿ ಕಚೇರಿಯ ಗುಮಾಸ್ತಳಂತೆ ಮೇಜಿನ ಮೇಲಿಡು ಎನ್ನುತ್ತಾಳೆ ಎಂದು ದೂರಿದರು. ಮೊಹಾಪಿ ನಕ್ಕುಬಿಟ್ಟ. ಹೆಂಡತಿ ಗಂಜಿ ಬಡಿಸಿ ಅಂಗೈ ತೋರಿಸಿದರೆ, "ಸರಿ, ಕದ್ದಿಲ್ಲ, ಹೋಗು," ಎನ್ನುತ್ತಿದ್ದ. ಕೋಳಿಗೂಡಿನ ಬಾಗಿಲು ಹಾಕಿ ಅವಳು ಕೈ ತೋರಿಸಿದರೆ ಕೋಳಿಗಳ ಪರವಾಗಿ ಅವನೇ ಉತ್ತರ ಕೊಡುತ್ತಿದ್ದ. ಅವನು ಬದುಕಿದ್ದ ತನಕ ಅದು ಗಂಡ ಹೆಂಡಿರ ನಗೆಯ ಮಾತಾಗಿಯೇ ಇತ್ತು. ಅತ್ತೆ ಹೆಚ್ಚಾಗಿ ಹಿಂದಿನ ಕೋಣೆಯಲ್ಲಿರುತ್ತಿದ್ದರು. ಲೋಟದ ಕಥೆಯಷ್ಟೇ ಅವರಿಗೆ ಗೊತ್ತಿದ್ದದ್ದು.

ಕಳೆದ ಚಳಿಗಾಲದಲ್ಲಿ ಮೊಹಾಪಿ ತೀರಿಕೊಂಡ. ಶನಿವಾರ ಬೆಳಿಗ್ಗೆ ಮಣ್ಣು ಮಾಡಿದರು. ನೆಲ ಹೆಪ್ಪುಗಟ್ಟಿತ್ತು, ಗುದ್ದಲಿಗೆ ಕಿಡಿ ಹಾರುತ್ತಿತ್ತು. ಪೆಟ್ಟಿಗೆ ಇಳಿಸಿದ ಮೇಲೆ ಮನೆಯವರು ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು. ಮಾಕನನೇಲೊ ಕಂಬಳಿಯೊಳಗಿಂದ ಕೈ ಹೊರಗೆ ತೆಗೆದಳು, ಮಣ್ಣು ಹಾಕಿದಳು. ಆಮೇಲೆ ಎರಡು ಅಂಗೈಗಳನ್ನು ಮೆಲ್ಲಗೆ ತಟ್ಟಿ, ಬೆರಳು ಅಗಲಿಸಿ, ಮೇಲೆ ಕೆಳಗೆ ತಿರುಗಿಸಿ ತೋರಿಸಿ, ಹಿಂದೆ ಸರಿದಳು.

ಅಲ್ಲಿದ್ದವರೆಲ್ಲ ನೋಡಿದರು. ನಾನೂ ನೋಡಿದೆ. ನನ್ನವಳನ್ನು ಅದೇ ಸ್ಮಶಾನದಲ್ಲಿ ಮಲಗಿಸಿ ಬಂದು ಆಗ ಬಹಳ ದಿನವಾಗಿರಲಿಲ್ಲ. ಆ ಗುಂಡಿಯ ಬದಿಯಲ್ಲಿ ನಿಂತವರ ಕೈ ಏನು ಮಾಡುತ್ತದೆಂದು ಅವರಿಗೇ ತಿಳಿದಿರುವುದಿಲ್ಲ. ಆದರೆ ಮಗನನ್ನು ಕಳೆದುಕೊಂಡ ತಾಯಿಗೆ ಕಂಡದ್ದು ಒಂದೇ: ಸೊಸೆ ಕೈ ಕೊಡವಿಕೊಂಡಳು. ಮುಗಿಯಿತು, ಇನ್ನು ನನಗೂ ಈ ಮನೆಗೂ ಸಂಬಂಧವಿಲ್ಲ ಎಂದು ಊರವರೆದುರು ತೋರಿಸಿದಳು.

ಮಣ್ಣಿನಿಂದ ಹಿಂದಿರುಗಿದವರು ಗೇಟಿನ ಬಳಿ ಲೋಳೆಸರ ಹಾಕಿದ ನೀರಿನಲ್ಲಿ ಕೈ ತೊಳೆಯುವಾಗಲೇ ಮಾತು ಹಬ್ಬಿತ್ತು. ಅದೇ ಸಂಜೆ ವಿಧವೆಯ ಕಪ್ಪು ಬಟ್ಟೆಯಾದ ಥಾಪೊವನ್ನು ಅವಳಿಗೆ ಉಡಿಸಿದರು. ಥಾಪೊ ಮೈಮೇಲಿರುವ ತನಕ ಹೆಂಗಸು ಸೂರ್ಯ ಮುಳುಗಿದ ಮೇಲೆ ಹೊಸ್ತಿಲು ದಾಟುವಂತಿಲ್ಲ. ಅದರ ಹೊಲಿಗೆ ಕತ್ತರಿಸಿ ಬಿಚ್ಚಬೇಕಾದವರು ಗಂಡನ ಮನೆಯವರು. ಸಾವಿಗೆ ಮುಂಚೆಯೇ, ಮೊಹಾಪಿ ಹಾಸಿಗೆಯಲ್ಲಿದ್ದಾಗ, ತಾನು ಹೋದರೆ ಒಂದು ತಿಂಗಳಿಗೇ ಬಟ್ಟೆ ಬಿಚ್ಚಿಸಿ ಅವಳನ್ನು ಕೆಲಸಕ್ಕೆ ಕಳುಹಿಸಬೇಕೆಂದು ತಾಯಿಯಿಂದ ಮಾತು ತೆಗೆದುಕೊಂಡಿದ್ದ. ನರ್ಸಿಂಗ್ ಓದುತ್ತಿದ್ದ ಮಗಳು ಕನನೇಲೊ, ಅತ್ತೆಯ ಔಷಧ, ಮನೆಯ ಒಲೆ, ಎಲ್ಲವೂ ಆ ಮೇಜನ್ನೇ ನಂಬಿದ್ದವು. ಹೋಟೆಲಿನವರೂ ಅಷ್ಟೇ ರಜೆ ಕೊಟ್ಟಿದ್ದರು.

ತಿಂಗಳಾಯಿತು. ಮಾಮೊಹಾಪಿಯವರು ಕತ್ತರಿ ಮುಟ್ಟಲಿಲ್ಲ. ಮೈದುನಂದಿರು ಹೋಗಿ ಕೇಳಿದರು. "ಕೈ ಕೊಡವಿಕೊಂಡವಳ ಬಟ್ಟೆ ಬಿಚ್ಚೋಕೆ ನಾನ್ಯಾಕೆ? ಅವಳೇ ಬಿಚ್ಕೊಳ್ಳಲಿ," ಎಂದರು.

ಅವಳಾಗಿ ಬಿಚ್ಚಿದ್ದರೆ ಯಾರೂ ಪೊಲೀಸರನ್ನು ಕರೆಯುತ್ತಿರಲಿಲ್ಲ. ಆದರೆ ಆ ಕ್ಷಣಕ್ಕೆ ಅವಳು ಆ ಮನೆಯವಳಲ್ಲ ಎಂದಾಗುತ್ತಿತ್ತು. ಅತ್ತೆ ಹೇಳಿದ್ದೇ ನಿಜವಾಗುತ್ತಿತ್ತು. ಬಿಚ್ಚದೆ ಕುಳಿತರೆ ಮೇಜು ಕೈತಪ್ಪುತ್ತಿತ್ತು. ಸೆಖೋಬೆ ಹೇಗೋ ಒಂದು ಬಾರಿ ರಜೆ ಮುಂದೂಡಿಸಿದರು. ಅದಕ್ಕಿಂತ ಹೆಚ್ಚು ತಮ್ಮಿಂದಾಗದು, ಆ ಜಾಗಕ್ಕೆ ತರಬೇತಾದವರು ಕಾದಿದ್ದಾರೆ ಎಂದು ದಿಕೆಲೆದಿಯ ಮೂಲಕ ಹೇಳಿ ಕಳುಹಿಸಿದರು.

"ನೀವು ಅತ್ತೆಗೆ ಹೇಳಬಹುದಿತ್ತಲ್ಲ, ಕೆಲಸದ ಅಭ್ಯಾಸ ಅಂತ?" ಎಂದು ನಾನು ಕೇಳುತ್ತೇನೆ.

"ಹೇಳ್ದೆ," ಎನ್ನುತ್ತಾಳೆ. "ಹೇಳಿದ್ದೇ ತಪ್ಪಾಯ್ತು. ನನ್ನ ಮಗನ ಗುಂಡಿ ನಿನಗೆ ಜೂಜಿನ ಮೇಜಾ ಅಂದ್ರು. ಅವರು ಅಂದದ್ದರಲ್ಲಿ ತಪ್ಪೇನಿದೆ?"

ಹೀಗೆ ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು ಒಬ್ಬನಿಗಾಗಿಯೇ ದುಃಖಪಡುತ್ತ, ಒಬ್ಬರ ಮುಖ ಒಬ್ಬರು ನೋಡದೆ ಉಳಿದರು. ಅಡುಗೆ ಸೊಸೆಯದು. ಅತ್ತೆ ಜೋಳದ ಮುದ್ದೆಯಾದ ಪಾಪಾದ ತಟ್ಟೆ ಎತ್ತಿಕೊಂಡು ತಮ್ಮ ಕೋಣೆಗೆ ಹೋಗುವರು. ಮಾಕನನೇಲೊ ತನ್ನ ಕೈಗಳಿಗೆ ಹೆದರಿ ಅವನ್ನು ಕಂಬಳಿಯೊಳಗೇ ಇಟ್ಟುಕೊಳ್ಳುತ್ತಿದ್ದಳು. ಅತ್ತೆಯೆದುರು ಲೋಟ ತೊಳೆದಿಟ್ಟ ಮೇಲೂ ಮುಷ್ಟಿ ಬಿಗಿಹಿಡಿದು ನಿಲ್ಲುತ್ತಿದ್ದಳೆಂದು ಮಗಳು ಹೇಳುತ್ತಾಳೆ.

*

ಅವಳ ಜೊತೆ ಕೆಲಸ ಮಾಡುವವರಿಗೆ ಮಣ್ಣಿಗೆ ಬರಲಾಗಿರಲಿಲ್ಲ. ಶನಿವಾರ ಕ್ಯಾಸಿನೊಕ್ಕೆ ಬಿಡುವಿಲ್ಲದ ದಿನ. ರಜೆಯ ಕೊನೆಯ ವಾರದ ಭಾನುವಾರ, ಆರಾಧನೆ ಮುಗಿದ ಮೇಲೆ, ಹೋಟೆಲಿನ ವ್ಯಾನಿನಲ್ಲಿ ಎಲ್ಲರೂ ಸಮಾಧಾನ ಹೇಳಲು ಬಂದರು. ನೆರೆಯವನಾಗಿ ನಾನೂ ಅಲ್ಲಿದ್ದೆ. ಮಾಮೊಹಾಪಿಯವರು ಗೋಡೆಗೊರಗಿ ಹಾಸಿಗೆಯ ಮೇಲೆ ಕುಳಿತಿದ್ದರು, ಮುಂದೆ ಚಾಪೆ. ಸೊಸೆ ಮೂಲೆಯಲ್ಲಿ ನೆಲದ ಮೇಲೆ. ಪ್ರಾರ್ಥನೆಯಾಯಿತು. ಬಂದವರು ತಂದದ್ದನ್ನು ಒಪ್ಪಿಸಲು ಎದ್ದರು.

ಮೊದಲು ದಿಕೆಲೆದಿ. ಸಕ್ಕರೆ ಚೀಲವನ್ನು ಚಾಪೆಯ ಮೇಲಿಟ್ಟು, ಅಂಗೈ ತಟ್ಟಿ, ತಿರುಗಿಸಿ ತೋರಿಸಿ ಹಿಂದೆ ಸರಿದಳು. ಮಾಮೊಹಾಪಿಯವರು ಎರಡೂ ಕೈ ಚಾಚಿದ್ದವರು ಹಾಗೇ ಇದ್ದರು. ಅವಳ ಹಿಂದಿನ ಹುಡುಗ ಚಹಾಪುಡಿ ಇಟ್ಟ, ಅವನೂ ಕೈ ತೋರಿಸಿದ. ಮೇಣದಬತ್ತಿ ತಂದವಳು, ಎಣ್ಣೆ ತಂದವನು, ಒಬ್ಬರೂ ತಪ್ಪಲಿಲ್ಲ. ತಾವು ಏನು ಮಾಡುತ್ತಿದ್ದೇವೆಂದು ಒಬ್ಬರಿಗೂ ಅರಿವಿರಲಿಲ್ಲ. ಮುದುಕಿಯ ಕಣ್ಣುಗಳು ಮಾತ್ರ ಒಂದೊಂದು ಜೋಡಿ ಕೈಯನ್ನೂ ಹಿಂಬಾಲಿಸುತ್ತಿದ್ದವು. ಕೊನೆಗೆ ಸೆಖೋಬೆ ಹೊಸ ಕಂಬಳಿಯೊಂದಿಗೆ ಬಂದರು. ಮಡಿಕೆ ಬಿಡಿಸಿ ಚಾಪೆಯ ಖಾಲಿ ಬದಿಯಲ್ಲಿ ಹರಡಿ, ಒಳಗೇನೂ ಇಲ್ಲವೆಂದು ಒಮ್ಮೆ ಸವರಿ, ತಮ್ಮ ದೊಡ್ಡ ಅಂಗೈಗಳನ್ನು ತಟ್ಟಿ ಮೇಲಕ್ಕೆ ತೋರಿಸಿದರು. ಮೇಲೆ ಇದ್ದದ್ದು ತಗಡಿನ ಸೂರು.

"ನೀವೆಲ್ಲ ಯಾವ ಸಭೆಯವರಪ್ಪ?" ಎಂದು ಮಾಮೊಹಾಪಿಯವರು ಕೇಳಿದರು.

ನಮ್ಮೂರಲ್ಲಿ ಸಭೆಗಳಿಗೆ ಕಡಿಮೆಯಿಲ್ಲ. ಒಂದು ಸಭೆಯವರು ಬೂಟು ಬಿಚ್ಚಿ ಪ್ರಾರ್ಥಿಸುತ್ತಾರೆ, ಒಂದು ಸಭೆಯವರು ಕೋಲು ಹಿಡಿದು ಕುಣಿಯುತ್ತಾರೆ. ಮುದುಕಿ ನಿಜವಾಗಿಯೇ ಕೇಳಿದ್ದು. ದಿಕೆಲೆದಿ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಗೆ ಹೊರಗೆ ಬಂತು. ಉಳಿದವರು ತಮ್ಮ ಕೈಗಳನ್ನೇ ನೋಡಿಕೊಂಡರು. ಮೂಲೆಯಲ್ಲಿ ಕಪ್ಪು ಬಟ್ಟೆಯೊಳಗೆ ಮಾಕನನೇಲೊಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು, ಗಂಡ ಹೋದ ಮೇಲೆ ಮೊದಲ ಸಲ.

ಸೆಖೋಬೆ ಮಾತ್ರ ನಗಲಿಲ್ಲ. ನೆಲದ ಮೇಲೆ ಕುಳಿತು, ತಮ್ಮ ಸಣ್ಣ ದನಿಯಲ್ಲಿ ಎಲ್ಲ ಹೇಳಿದರು. ಕೈಯಿಂದ ಕೈಗೆ ಏಕೆ ಕೊಡುವುದಿಲ್ಲ, ಮೇಲಿನ ಕ್ಯಾಮೆರಾ ಏನು, ಮೇಜು ಬಿಡುವಾಗ ಏನನ್ನೂ ಒಯ್ಯುತ್ತಿಲ್ಲವೆಂದು ಹೇಗೆ ತೋರಿಸುತ್ತೇವೆ, ವರ್ಷಗಟ್ಟಲೆ ಮಾಡಿ ಮಾಡಿ ಅದು ಉಸಿರಿನಂತೆ ಆಗಿಹೋಗಿದೆ ಎಂದು. ತಮ್ಮ ಮದುವೆಯಲ್ಲಿ ಉಂಗುರ ತೊಡಿಸಿದ ಮೇಲೂ ಹಾಗೆಯೇ ಮಾಡಿ ಪಾದ್ರಿಗಳನ್ನು ಗಾಬರಿಪಡಿಸಿದ್ದನ್ನೂ ಒಪ್ಪಿಕೊಂಡರು.

"ನಮ್ಮ ಮೇಜಲ್ಲಿ ತಕರಾರು ಬಂದ್ರೆ ಯಾರೂ ಕೂಗಾಡಲ್ಲ ಅಜ್ಜಿ," ಎಂದರು. "ಎಲೆಗಳನ್ನ ಇದ್ದ ಹಾಗೇ ಹಿಂದಕ್ಕಿಟ್ಟು ನೋಡ್ತೀವಿ."

"ಗುಂಡಿ ಮುಚ್ಚಿ ಆಯ್ತಲ್ಲಪ್ಪ. ಅದನ್ನ ಹಿಂದಕ್ಕಿಡೋಕಾಗುತ್ತಾ?"

ಸೆಖೋಬೆ ತಲೆ ತಗ್ಗಿಸಿದರು. ಮಾಮೊಹಾಪಿಯವರು ಸ್ವಲ್ಪ ಹೊತ್ತು ಕಂಬಳಿಯ ಅಂಚು ಸವರುತ್ತಿದ್ದು, ಸೊಸೆಯ ಕಡೆ ತಿರುಗಿದರು.

"ಹಾಗಾದ್ರೆ ಅಲ್ಲಿ ನೀನು ತೋರ್ಸಿದ್ದು, ಏನೂ ತಗೊಂಡು ಹೋಗ್ತಿಲ್ಲ ಅಂತ."

"ನಾನು ಏನೂ ತೋರಿಸ್ಬೇಕು ಅಂತ ಇರ್ಲಿಲ್ಲ ಮ್ಮೆ. ಕೈ ತಾನೇ ಮಾಡ್ತು."

"ಕೈ ಸುಳ್ಳು ಹೇಳ್ತು," ಎಂದರು ಮುದುಕಿ. "ತಗೊಂಡೇ ಬಂದಿದ್ದೀಯ. ದಿನಾ ಅವನ ಕೋಟು ತಬ್ಕೊಂಡು ಮಲಗ್ತೀಯಲ್ಲ, ನನಗೆ ಕಾಣಲ್ವಾ? ಕಲ್ಲುಧೂಳಿನ ವಾಸನೆ ಹೋಗುತ್ತೆ ಅಂತ ಒಗೆಯೋಕೂ ಕೊಟ್ಟಿಲ್ಲ."

ಮಾಕನನೇಲೊ ಎರಡು ಕೈಗಳನ್ನೂ ಮುಖಕ್ಕೆ ಮುಚ್ಚಿಕೊಂಡಳು. ಈ ಸಲ ಅತ್ತದ್ದು ನಿಜ.

ಆ ವಾರವೇ ಬಟ್ಟೆ ಬಿಚ್ಚಿದರು. ಕತ್ತರಿ ಹಿಡಿದವರು ಮಾಮೊಹಾಪಿಯವರೇ. ಮುದುಕಿಯ ಕಣ್ಣು ಮಂದ. ಕುತ್ತಿಗೆಯ ಬಳಿಯ ಹೊಲಿಗೆ ಕಾಣದೆ ತಡಕಾಡಿದರು, ಸೊಸೆ ಅವರ ಬೆರಳು ಹಿಡಿದು ಹೊಲಿಗೆಯ ಮೇಲಿಟ್ಟಳು. ಕುರಿಯೊಂದನ್ನು ಕಡಿದರು. ಓಣಿಯವರೆಲ್ಲ ಉಂಡೆವು. ನನಗೂ ಬಹಳ ದಿನಗಳ ಮೇಲೆ ಊಟ ಸೇರಿತು.

*

ಮರಳಿ ಕೆಲಸಕ್ಕೆ ಹೋದ ದಿನ ಸೆಖೋಬೆ ಅವಳನ್ನು ನೇರವಾಗಿ ಆಟಗಾರರ ಮುಂದೆ ನಿಲ್ಲಿಸಲಿಲ್ಲ. ಖಾಲಿ ಮೇಜಿನಲ್ಲಿ ಎಲೆ ಹರಡಿಸಿ, ಕಲಸಿಸಿ, ಯಾರೂ ಇಲ್ಲದ ಕುರ್ಚಿಗಳಿಗೆ ಹಂಚಿಸಿದರು. ಬೆರಳುಗಳು ಮೊದಮೊದಲು ಚಳಿ ಹಿಡಿದಂತಿದ್ದವು, ಆಮೇಲೆ ದಾರಿ ನೆನಪಾಯಿತು ಎನ್ನುತ್ತಾಳೆ. ಒಂದು ಸುತ್ತಿನಲ್ಲಿ ಎಲೆಗಳನ್ನು ತಪ್ಪು ಬದಿಯಿಂದ ಎತ್ತಿದಳು. ಸೆಖೋಬೆ ಬೆನ್ನ ಹಿಂದೆ ಗಂಟಲು ಸರಿಮಾಡಿಕೊಂಡರು. "ಆ ಸದ್ದು ಕೇಳಿದ ಮೇಲೆ, ಹೂಂ, ಬಂದು ಸೇರ್ದೆ ಅನ್ನಿಸ್ತು," ಎಂದು ನೆನೆಯುತ್ತಾಳೆ.

ಈಗ ಅವಳು ಹೊಸಬರಿಗೆ ಕಲಿಸುತ್ತಾಳೆ. ಇಂದು ಬೆಳಿಗ್ಗೆ ಪಾಳಿ ಮುಗಿದ ಮೇಲೂ ಅರ್ಧ ಗಂಟೆ ನಿಂತು ಇಬ್ಬರು ಹುಡುಗಿಯರಿಗೆ ಎಲೆ ಸುತ್ತಿಸುವುದನ್ನು ತೋರಿಸಿದಳು. ಕೈ ತೋರಿಸುವ ಪಾಠ ಬಂದಾಗ ಅವಳೊಂದು ಮಾತು ಸೇರಿಸುತ್ತಾಳೆ. ಮನೆಯಲ್ಲಿರುವ ಹಿರಿಯರಿಗೆ ಮೊದಲ ದಿನವೇ ಇದನ್ನು ಮಾಡಿ ತೋರಿಸಿ, ಏನೆಂದು ತಿಳಿಸಿ ಬನ್ನಿ, ಆಮೇಲೆ ಕಲಿಯಿರಿ ಎಂದು. ಹುಡುಗಿಯರು ನಗುತ್ತಾರೆ. ಅವಳು ನಗುವುದಿಲ್ಲ.

ಅವಳ ಕೆಲಸ ನೋಡಲೆಂದು ಬಂದಿದ್ದ ನಾನೂ ಅವಳೊಂದಿಗೆ ಮನೆಯವರೆಗೆ ನಡೆಯುತ್ತೇನೆ. ಬಿಸಿಲು ಗುಡ್ಡದ ನೆತ್ತಿಗೆ ತಾಕಿದೆ, ಹಿಮ ಇನ್ನೂ ಹುಲ್ಲಿನ ಮೇಲಿದೆ. ಟ್ಯಾಕ್ಸಿಗಳು ಹಾರನ್ ಒತ್ತುತ್ತ ಕಾರ್ಖಾನೆಯ ಹುಡುಗಿಯರನ್ನು ತುಂಬಿಕೊಳ್ಳುತ್ತಿವೆ. ದಾರಿಯಲ್ಲಿ ಫಾಕ್ವೆಯವರು ಕೊಬ್ಬಿನಲ್ಲಿ ಕರಿದ ಹಿಟ್ಟಿನುಂಡೆ ಕೊಂಡು ತಿನ್ನುತ್ತ ನಿಂತಿದ್ದಾರೆ. ಹನ್ನೆರಡರಲ್ಲಿ ಗೆದ್ದವನು ನಾನೊಬ್ಬನೇ ಎಂದು ಅಂಗಡಿಯವಳಿಗೆ ಹೇಳುತ್ತಿದ್ದಾರೆ. ನಮಗೂ ಒಂದೊಂದು ಕೊಡಿಸುತ್ತಾರೆ. ಮಾಕನನೇಲೊ ಅಂಗಡಿಯವಳು ಕಾಗದವನ್ನು ಹಲಗೆಯ ಮೇಲಿಡುವ ತನಕ ಕಾಯುತ್ತಾಳೆ. ಅಂಗಡಿಯವಳಿಗೆ ಅದು ಅಭ್ಯಾಸವಾಗಿದೆ.

ಮಾಮೊಹಾಪಿಯವರು ಬಾಗಿಲಲ್ಲೇ ಇದ್ದಾರೆ. ಸೊಸೆ ಗೇಟು ತೆಗೆಯುವ ಸದ್ದಿಗೆ ಒಳಗೆ ಹೋಗಿ ಲೋಟದೊಂದಿಗೆ ಬರುತ್ತಾರೆ, ಅದೇ ಎನಾಮಲ್ ಲೋಟ. ಹೊಸ್ತಿಲ ಪಕ್ಕದಲ್ಲಿ ಒಂದು ಸಣ್ಣ ಸ್ಟೂಲು. ಮುದುಕಿ ಲೋಟವನ್ನು ಅದರ ಮೇಲಿಟ್ಟು, ಕೈ ಹಿಂದೆ ತೆಗೆದು, ಒಂದು ಹೆಜ್ಜೆ ಸರಿದು ನಿಲ್ಲುತ್ತಾರೆ. ಸೊಸೆ ಮಂಡಿ ಬಗ್ಗಿಸಿ ಎರಡೂ ಕೈಗಳಿಂದ ಎತ್ತಿಕೊಳ್ಳುತ್ತಾಳೆ. ಮುದುಕಿ ಒಳಗೆ ಹೋಗುತ್ತಾರೆ.

ಹೊರಡುವ ಮುಂಚೆ, ಮುಂದೇನು ಆಸೆ ಎಂದು ಕೇಳುತ್ತೇನೆ. ಮಗಳಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕರೆ ಸಾಕು, ಇನ್ನು ಕೆಲವು ವರ್ಷ ಮೊಣಕಾಲು ಕೈಕೊಡದೆ ನಿಂತರೆ ಸಾಕು ಎನ್ನುತ್ತಾಳೆ. ಆಮೇಲೆ ಅತ್ತೆಗೆ ಕೇಳದಂತೆ ದನಿ ತಗ್ಗಿಸುತ್ತಾಳೆ.

"ಕೆಲಸ ಬಿಟ್ಟ ದಿನ ಬರ್ತೀನಲ್ಲ, ಅವತ್ತು ಅವರು ಸ್ಟೂಲ್ ಮೇಲೆ ಇಡೋಕೆ ಬಿಡಲ್ಲ. ಅವರ ಕೈಯಿಂದಾನೇ ತಗೋತೀನಿ. ಅಲ್ಲೀವರೆಗೂ ಅವರು ಇರ್ಲಿ ಅಂತ ಕೇಳ್ಕೊತೀನಿ, ಅಷ್ಟೇ."

ಒಳಗಿನಿಂದ ಮುದುಕಿಯ ದನಿ ಬರುತ್ತದೆ. "ನನಗೆ ಕಿವಿ ಕೇಳುತ್ತೆ. ಇರ್ತೀನಿ. ಚಹಾ ಆರೋಗುತ್ತೆ, ಕುಡಿ."